ಹೊಡೆತದ ಲೆಕ್ಕ: ಗಂಡು, ಹೆಣ್ಣಿನ ಅಂಕಿಗಳು ಏಕೆ ತಾಳೆಯಾಗುವುದಿಲ್ಲ?

ಮನೆಯೊಳಗೆ ಹೊಡೆಯುವವರು ಯಾರು, ಹೊಡೆಸಿಕೊಳ್ಳುವವರು ಯಾರು ಎಂಬ ವಾದ ಶುರುವಾದರೆ ಎರಡೂ ಕಡೆಯವರ ಬಳಿ ಅಂಕಿಗಳಿರುತ್ತವೆ. ಒಬ್ಬರು ಗಂಡನಿಂದ ಹಿಂಸೆ ಕಂಡ ಕರ್ನಾಟಕದ ಶೇ 44 ಹೆಂಗಸರು ಎನ್ನುತ್ತಾರೆ, ಇನ್ನೊಬ್ಬರು ಹೆಂಡತಿಯಿಂದ ಹಿಂಸೆ ಕಂಡ ಹರಿಯಾಣದ ಶೇ 52 ಗಂಡಸರು ಎನ್ನುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಯಾರಿಗೆ ಏನು ಕೇಳಿದಾಗ ಆ ಉತ್ತರ ಬಂತು ಎಂಬುದು ವಾದದ ಬಿಸಿಯಲ್ಲಿ ಕಳೆದುಹೋಗುತ್ತದೆ.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದುಕೊಂಡು ತಲೆಮಾರುಗಳೇ ಕಳೆದವು. ದೊಡ್ಡ ಮಟ್ಟದ ಎಣಿಕೆ ನಡೆದದ್ದು 1975ರಲ್ಲಿ, ಅಮೆರಿಕದಲ್ಲಿ. ಸಮಾಜವಿಜ್ಞಾನಿ ಮರ್ರೆ ಸ್ಟ್ರಾಸ್ ಮತ್ತು ಸಂಗಡಿಗರು ತಳ್ಳಿದ್ದು, ಕೆನ್ನೆಗೆ ಬಾರಿಸಿದ್ದು, ಒದ್ದದ್ದು ಎಂದು ಒಂದೊಂದೇ ಕೃತ್ಯ ಹೆಸರಿಸಿ ದಂಪತಿಗಳನ್ನು ಕೇಳಿದರು. ಹೆಂಗಸರೂ ಹೆಚ್ಚುಕಡಿಮೆ ಗಂಡಸರಷ್ಟೇ ಕೈ ಎತ್ತುತ್ತಾರೆ ಎಂಬ ಉತ್ತರ ಬಂತು. ಪೆಟ್ಟು ಯಾರಿಗೆ ಎಷ್ಟು ಬಿತ್ತು, ಯಾರು ಹೆದರಿ ಬದುಕುತ್ತಿದ್ದಾರೆ ಎಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ಆ ಅಂಕಿಯ ಮೇಲಿನ ವಾದ ಇಂದಿಗೂ ಮುಗಿದಿಲ್ಲ.

1995ರಲ್ಲಿ ಅಮೆರಿಕದ ಸಮಾಜವಿಜ್ಞಾನಿ ಮೈಕೆಲ್ ಜಾನ್ಸನ್ ಒಂದು ಗಂಟು ಬಿಡಿಸಿದರು. ಮಾತಿಗೆ ಮಾತು ಬೆಳೆದು ಇಬ್ಬರೂ ಕೈ ಮಾಡುವುದು ಬೇರೆ. ಒಬ್ಬರು ಇನ್ನೊಬ್ಬರ ದುಡ್ಡು, ಓಡಾಟ, ಮಾತು ಎಲ್ಲವನ್ನೂ ಹಿಡಿತದಲ್ಲಿಟ್ಟುಕೊಂಡು ಹಿಂಸಿಸುವುದು ಬೇರೆ. ಮನೆಮನೆ ಸಮೀಕ್ಷೆಯಲ್ಲಿ ಹೆಚ್ಚಾಗಿ ಸಿಗುವುದು ಮೊದಲನೆಯದು. ಎರಡನೆಯದು ಕಾಣುವುದು ಆಸ್ಪತ್ರೆ, ಠಾಣೆ, ಆಶ್ರಯಧಾಮಗಳಲ್ಲಿ, ಅಲ್ಲಿ ಹೆಂಗಸರೇ ಹೆಚ್ಚು. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಮನೋವಿಜ್ಞಾನಿ ಜಾನ್ ಆರ್ಚರ್ 2000ದಲ್ಲಿ ಕಂಡದ್ದೂ ಇದಕ್ಕೆ ಹತ್ತಿರದ್ದೇ: ಕೈ ಎತ್ತಿದ ಲೆಕ್ಕದಲ್ಲಿ ಹೆಂಗಸರು ಕೂದಲೆಳೆಯಷ್ಟು ಮುಂದು, ಗಾಯಗೊಂಡವರಲ್ಲಿ ಮಾತ್ರ ಶೇ 62 ಹೆಂಗಸರು.

ನಮ್ಮಲ್ಲಿ 1983ರಲ್ಲಿ, ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆನ್ನುವ 498ಎ ಕಲಂ ಬಂತು, 2005ರಲ್ಲಿ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ವಿಷಯವನ್ನು ವಿವರವಾಗಿ ಕೇಳತೊಡಗಿದ್ದು 2005-06ರ ಮೂರನೇ ಸುತ್ತಿನಲ್ಲಿ.

ಆ ಕೇಳುವ ಗಳಿಗೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಮನೆಯಲ್ಲಿ ಎಷ್ಟೇ ಹೆಂಗಸರಿರಲಿ, ಒಬ್ಬರನ್ನು ಮಾತ್ರ ಕೇಳಬೇಕು. ಅದೂ ಏಕಾಂತದಲ್ಲಿ. ಅತ್ತೆ ನೀರಿನ ಲೋಟ ಹಿಡಿದು ಒಳಬಂದರೆ ಮಾತು ನಿಲ್ಲಿಸಬೇಕು. ‘ಹಿಂಸೆಯಾಗಿದೆಯೇ’ ಎಂದು ಕೇಳಿದರೆ ‘ಇಲ್ಲಮ್ಮ’ ಎಂದೇ ಉತ್ತರ. ಎರಡೇಟು ಬಿದ್ದದ್ದನ್ನು ನಮ್ಮ ಹೆಣ್ಣುಮಕ್ಕಳು ಹಿಂಸೆ ಎಂದು ಕರೆಯುವುದೇ ಇಲ್ಲ. ಆದ್ದರಿಂದ ಕೆನ್ನೆಗೆ ಹೊಡೆದಿದ್ದಾರೆಯೇ, ತೋಳು ತಿರುಚಿದ್ದಾರೆಯೇ, ಕೂದಲು ಹಿಡಿದು ಎಳೆದಿದ್ದಾರೆಯೇ, ಕತ್ತು ಹಿಸುಕಿದ್ದಾರೆಯೇ ಎಂದು ಒಂದೊಂದಾಗಿ ಕೇಳಲಾಗುತ್ತದೆ.

ಹೀಗೆ ಕೇಳಿದಾಗ ಕರ್ನಾಟಕದಲ್ಲಿ 2015-16ರಲ್ಲಿ ಶೇ 20.6 ಇದ್ದ ಗಂಡನ ಹಿಂಸೆಯ ಪ್ರಮಾಣ ಐದನೇ ಸುತ್ತಿನಲ್ಲಿ (2019-21) ಶೇ 44.4ಕ್ಕೆ ಏರಿತು. ಬಿಹಾರವನ್ನೂ ಮೀರಿ ಅದು ದೇಶದಲ್ಲೇ ಅತಿ ಹೆಚ್ಚು. ಲಾಕ್‌ಡೌನ್ ಕಾರಣ ಎನ್ನುವವರಿದ್ದಾರೆ. ಆದರೆ ನಮ್ಮ ರಾಜ್ಯದಲ್ಲಿ ಮಾಹಿತಿ ಸಂಗ್ರಹ 2019ರಲ್ಲೇ, ಕೊರೊನಾ ಬರುವ ಮೊದಲೇ ಮುಗಿದಿತ್ತು. ನಾಲ್ಕೇ ವರ್ಷದಲ್ಲಿ ಗಂಡಂದಿರು ಎರಡು ಪಟ್ಟು ಕ್ರೂರಿಗಳಾದರು ಎಂದು ನಂಬುವುದು ಕಷ್ಟ. ಹಿಂದೆ ನುಂಗಿಕೊಂಡ ಮಾತು ಈ ಸಲ ಹೊರಬಂದಿರಬಹುದು ಎಂದು ನನಗನ್ನಿಸುತ್ತದೆ. ಅದೇ ಸುತ್ತಿನಲ್ಲಿ ಕೆಲವು ಸಂದರ್ಭಗಳಲ್ಲಿ ಗಂಡ ಹೆಂಡತಿಗೆ ಹೊಡೆಯುವುದು ಸರಿ ಎಂದವರು ರಾಜ್ಯದ ಹೆಂಗಸರಲ್ಲಿ ಶೇ 76.9, ಗಂಡಸರಲ್ಲಿ ಶೇ 81.9.

ಇನ್ನು ಹರಿಯಾಣದ ಶೇ 52. ಗ್ರಾಮೀಣ ಭಾಗದ 1,000 ವಿವಾಹಿತ ಗಂಡಸರನ್ನು ಮಾತನಾಡಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ ಅದು. ಅದರಲ್ಲಿ ಹೆಚ್ಚಿನದು ಬೈಗುಳ, ಅವಮಾನದಂಥ ಮಾನಸಿಕ ಹಿಂಸೆ. ದೈಹಿಕ ಹಿಂಸೆ ಶೇ 6. ಆ ಆರು ಪಾಲು ನೋವೂ ನೋವೇ. ಅದನ್ನು ಹೇಳಿಕೊಳ್ಳಲು ಗಂಡಸಿಗೆ ಜಾಗವಿಲ್ಲ, ಹೇಳಿದರೆ ನಗುತ್ತಾರೆ. ಹೆಂಗಸರ ದೂರನ್ನು ಸುಳ್ಳೆನ್ನಲು ಬಳಸುವ ಬದಲು ಆ ಅಂಕಿಯನ್ನು ಆ ಗಂಡಸರಿಗಾಗಿಯೇ ಓದಬೇಕಿತ್ತು.

ಕುಟುಂಬ ಸಮೀಕ್ಷೆಯಲ್ಲಿ ಗಂಡಸರಿಗೂ ಪ್ರತ್ಯೇಕ ಪ್ರಶ್ನಾವಳಿ ಇದೆ. ಹೆಂಡತಿಗೆ ಹೊಡೆಯುವುದು ಸರಿಯೇ ಎಂದು ಅದರಲ್ಲಿ ಕೇಳುತ್ತಾರೆ. ನಿಮಗೆ ಯಾರಾದರೂ ಹೊಡೆದಿದ್ದಾರೆಯೇ ಎಂದು ಕೇಳುವುದಿಲ್ಲ. ಇತ್ತ ಏಕಾಂತದಲ್ಲಿ ಉತ್ತರ ಕೊಟ್ಟ ಹೆಂಗಸರಲ್ಲಿ, ಹಿಂಸೆ ಅನುಭವಿಸಿದ ನಾಲ್ವರ ಪೈಕಿ ಮೂವರು ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.