ಲೆಮೂರ್ ಮತ್ತು ಪತಂಗ: ವರ್ಗೀಕರಣ, ಸಂರಕ್ಷಣಾ ಸ್ಥಿತಿ

ಹೋಲಿಕೆಗೆ ಎರಡು ಪ್ರಾಣಿ. ಮಡಗಾಸ್ಕರ್‌ನ ಉಂಗುರ ಬಾಲದ ಲೆಮೂರ್, ಅಂದರೆ ಲೆಮೂರ್ ಕಾಟಾ. ಇನ್ನೊಂದು ನಮ್ಮ ಘಟ್ಟದ ಅಟ್ಲಾಸ್ ಪತಂಗ. ಇದನ್ನು ಈಗ ಅಟ್ಟಾಕಸ್ ಟಪ್ರೊಬಾನಿಸ್ ಎಂಬ ಬೇರೆ ಪ್ರಭೇದವಾಗಿ ಎಣಿಸುತ್ತಾರೆ. ಹಳೇ ಪುಸ್ತಕದಲ್ಲಿ ಅಟ್ಟಾಕಸ್ ಅಟ್ಲಾಸ್ ಅಂತಿದ್ದರೆ ಗಾಬರಿ ಬೇಡ.

ವರ್ಗೀಕರಣ

ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ: ಹೀಗೆ ಮೇಲಿಂದ ಕೆಳಗೆ ಬನ್ನಿ. ಎಲ್ಲಿ ಮೊದಲು ಬೇರೆಯಾಗುತ್ತವೋ ಅಲ್ಲಿ ಗೆರೆ ಎಳೆಯಿರಿ. ಅದರ ಕೆಳಗೆ ಅವು ಮತ್ತೆ ಒಂದಾಗುವುದಿಲ್ಲ. ಲೆಮೂರ್, ಪತಂಗ ಎರಡೂ ಪ್ರಾಣಿ ಸಾಮ್ರಾಜ್ಯ. ವಂಶದಲ್ಲೇ ದಾರಿ ಬೇರೆ: ಬೆನ್ನೆಲುಬಿನ ಲೆಮೂರ್ ಕಾರ್ಡೇಟಾ, ಕೀಲುಗಾಲಿನ ಪತಂಗ ಆರ್ತ್ರೊಪೋಡಾ. ಮುಂದಿನದು ಬರೀ ಬಾಯಿಪಾಠ. ಲೆಮೂರ್: ಸಸ್ತನಿ, ಪ್ರೈಮೇಟ್, ಲೆಮ್ಯುರಿಡೇ. ಪತಂಗ: ಕೀಟ, ಲೆಪಿಡಾಪ್ಟೆರಾ, ಸ್ಯಾಟರ್ನಿಡೇ.

ಇದೇ ಗೆರೆಯನ್ನು ನಮ್ಮ ಅಘನಾಶಿನಿ ಕಣಿವೆಯ ಸಿಂಗಳೀಕಕ್ಕೂ ಹಾಕಿ ನೋಡಿ, ಮಜಾ ಇದೆ. ಅದು ಲೆಮೂರ್ ಜೊತೆ ಗಣದವರೆಗೂ ಬರುತ್ತದೆ, ಉಪಗಣದಲ್ಲಿ ಬೇರೆಯಾಗುತ್ತದೆ. ಕಾಡುಪಾಪ ಉಪಗಣವನ್ನೂ ದಾಟಿ ಬರುತ್ತದೆ, ಕುಟುಂಬ ಮಾತ್ರ ಬೇರೆ. ಹಾಗಾಗಿ ಲೆಮೂರ್‌ಗೆ ಸಿಂಗಳೀಕಕ್ಕಿಂತ ಕಾಡುಪಾಪವೇ ಹತ್ತಿರದ ನೆಂಟ.

ಸಂರಕ್ಷಣಾ ಸ್ಥಿತಿ

ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯಲ್ಲಿ ಲೆಮೂರ್ ಕಾಟಾ 'ಅಳಿವಿನಂಚಿನಲ್ಲಿದೆ'. ಹೊಲಕ್ಕೆ, ಇದ್ದಿಲಿಗೆ ಕಾಡು ಕಡಿಯುತ್ತಾರೆ. ಬೇಟೆಯೂ ಇದೆ, ಸಾಕಲಿಕ್ಕೆ ಹಿಡಿಯುವುದೂ ಇದೆ.

ಪತಂಗದ ಕಾಲಂ ಬಂದಾಗಲೇ ಗೊಂದಲ. ಪತಂಗಗಳಲ್ಲಿ ಸುಮಾರು 1,60,000 ಪ್ರಭೇದಗಳಿವೆ. ಬಹುಪಾಲಿಗೆ 'ಮೌಲ್ಯಮಾಪನ ಆಗಿಲ್ಲ' ಅಂತಲೇ ಬರೆಯಬೇಕು. ಅದನ್ನು ಓದಿ 'ಓ, ತೊಂದರೆ ಇಲ್ಲ' ಅಂದುಕೊಳ್ಳುವುದು ಸಲೀಸು, ಅಲ್ವಾ? ಆದರೆ ಪರೀಕ್ಷೆಗೇ ಕೂರದವನು ಪಾಸೂ ಅಲ್ಲ, ಫೇಲೂ ಅಲ್ಲ. 'ಮಾಹಿತಿ ಸಾಲದು' ಅಂದರೆ ಕೂತಿದ್ದಾನೆ, ಅಂಕ ಕೊಡುವಷ್ಟು ಉತ್ತರ ಪತ್ರಿಕೆಯಲ್ಲಿ ಇಲ್ಲ. 'ಕನಿಷ್ಠ ಕಾಳಜಿ' ಅಂದರೆ ಮಾತ್ರ ನೋಡಿ, ತೂಗಿ, ಸದ್ಯಕ್ಕೆ ಪರವಾಗಿಲ್ಲ ಎಂದದ್ದು. ಈ ಮೂರರಲ್ಲಿ ಸಮಾಧಾನ ಕೊಡುವ ಉತ್ತರ ಇದೊಂದೇ. ಹಾಗಾಗಿ ಉತ್ತರದಲ್ಲಿ 'ಲೆಮೂರ್ ಅಪಾಯದಲ್ಲಿದೆ, ಪತಂಗ ಸುರಕ್ಷಿತ' ಎಂದು ಸುಮ್ನೆ ಬರೆದುಬಿಡಬೇಡಿ. ಒಂದರ ಸ್ಥಿತಿ ಗೊತ್ತು, ಇನ್ನೊಂದನ್ನು ಅಳೆದೇ ಇಲ್ಲ.

ಲೆಕ್ಕದ ಪ್ರಶ್ನೆ ಬಂದರೆ: 2020ರ ಪಟ್ಟಿ ಪ್ರಕಾರ 107 ಲೆಮೂರ್ ಪ್ರಭೇದಗಳಲ್ಲಿ 103 ಅಪಾಯದಲ್ಲಿವೆ. ಇಲ್ಲಿ 'ಅಪಾಯ' ಅಂದರೆ ಮೂರು ಮೆಟ್ಟಿಲು ಸೇರಿ: ದುರ್ಬಲ, ಅಳಿವಿನಂಚು, ತೀವ್ರ ಅಳಿವಿನಂಚು. ಕೊನೆಯ ಮೆಟ್ಟಿಲಲ್ಲಿರುವ 33 ಈ 103ರ ಒಳಗೇ ಬಂತು. ಎರಡನ್ನೂ ಕೂಡಿಸಿ 136 ಮಾಡಬೇಡಿ, ಲೆಮೂರ್‌ಗಳೇ ಅಷ್ಟಿಲ್ಲ!