ಮತ್ತೆ ಕಾಗದಕ್ಕೆ ಮರಳುವ ಕೈ

ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆ 2002ರಲ್ಲಿ ವೈದ್ಯರ ಕೈಯ ಪೆನ್ನು ಬಿಡಿಸಿ ಕಂಪ್ಯೂಟರ್ ಮುಂದೆ ಕೂರಿಸಿತು. ಔಷಧಿ, ರಕ್ತಪರೀಕ್ಷೆ ಏನೇ ಬರೆಯಬೇಕಿದ್ದರೂ ಅದರಲ್ಲೇ. ನೂರಾರು ವೈದ್ಯರು ತಿರುಗಿಬಿದ್ದರು. ಕೋಟ್ಯಂತರ ಡಾಲರ್ ಸುರಿದು ಕಟ್ಟಿದ ವ್ಯವಸ್ಥೆಯನ್ನು 2003ರ ಆರಂಭದಲ್ಲೇ ನಿಲ್ಲಿಸಬೇಕಾಯಿತು.

ಇದನ್ನು ಮೊಂಡುತನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊಸ ಯಂತ್ರವನ್ನು ಒಮ್ಮೆ ಮುಟ್ಟುವುದು ಬೇರೆ, ವರ್ಷಗಟ್ಟಲೆ ಬಳಸುವುದು ಬೇರೆ. ಆನ್‌ಲೈನ್ ಬ್ಯಾಂಕಿಂಗ್ ಗ್ರಾಹಕರನ್ನು ಅಧ್ಯಯನ ಮಾಡಿದ ಅನೋಲ್ ಭಟ್ಟಾಚಾರ್ಜಿ 2001ರಲ್ಲಿ ಇದನ್ನೇ ವಿವರಿಸಿದರು: ಮೊದಲು ಇಟ್ಟುಕೊಂಡ ನಿರೀಕ್ಷೆ ಬಳಸಿದಾಗ ನಿಜವಾದರೆ ತೃಪ್ತಿ ಹುಟ್ಟುತ್ತದೆ, ಮುಂದುವರಿಸುವ ಮನಸ್ಸು ಬರುವುದು ಮುಖ್ಯವಾಗಿ ಆ ತೃಪ್ತಿಯಿಂದ. ವಿದ್ಯುನ್ಮಾನ ವೈದ್ಯಕೀಯ ದಾಖಲೆಗಳ ಸಂಶೋಧಕರೂ ಈ ಮಾದರಿಯನ್ನು ಆಸ್ಪತ್ರೆಗಳಿಗೆ ಅನ್ವಯಿಸಿ ನೋಡಿದ್ದಾರೆ.

ವಾರ್ಡಿನಲ್ಲಿ ಒಂದು ಗಳಿಗೆ ನಿಂತರೆ ಸಾಕು, ತೊಡಕು ಎಲ್ಲಿದೆಯೆಂದು ಗೊತ್ತಾಗುತ್ತದೆ. ನರ್ಸ್ ರಕ್ತದೊತ್ತಡ ಅಳೆದು ಚೀಟಿಯ ಅಂಚಿನಲ್ಲಿ 150/90 ಎಂದು ಗೀಚಿ ಜೇಬಿಗಿಳಿಸುತ್ತಾರೆ. ಕಂಪ್ಯೂಟರ್ ಇರುವುದು ವಾರ್ಡಿನ ಆ ತುದಿಯಲ್ಲಿ. ಪಾಳಿ ಮುಗಿಯುವ ಹೊತ್ತಿಗೆ ಹತ್ತಾರು ಚೀಟಿಗಳನ್ನು ಹರಡಿಕೊಂಡು ಒಂದೊಂದನ್ನೇ ಟೈಪ್ ಮಾಡುತ್ತಾರೆ. ಕೆಲಸ ಇಮ್ಮಡಿಯಾಯಿತು, ಅಷ್ಟು ಹೊತ್ತು ಆ ರಕ್ತದೊತ್ತಡದ ಅಂಕಿ ವೈದ್ಯರ ಪರದೆಗೆ ಬರಲೇ ಇಲ್ಲ.

ಅಮೆರಿಕದಲ್ಲಿ 57 ವೈದ್ಯರ ದಿನಚರಿಯನ್ನು ಪಕ್ಕದಲ್ಲೇ ನಿಂತು ಗಮನಿಸಿದ 2016ರ ಅಧ್ಯಯನದ ಲೆಕ್ಕ ನನ್ನನ್ನು ಇಂದಿಗೂ ಕಾಡುತ್ತದೆ. ರೋಗಿಯೊಂದಿಗೆ ಕಳೆದ ಪ್ರತಿ ಒಂದು ಗಂಟೆಗೆ ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಸುಮಾರು ಎರಡು ಗಂಟೆ! ಇದರ ಮೇಲೆ ಎಚ್ಚರಿಕೆಗಳ ಸುರಿಮಳೆ. ಸಣ್ಣಪುಟ್ಟದ್ದಕ್ಕೂ ಪರದೆ ಕೆಂಪಾದರೆ, ಪೆನಿಸಿಲಿನ್ ಅಲರ್ಜಿಯ ನಿಜವಾದ ಎಚ್ಚರಿಕೆಯನ್ನೂ ಬೆರಳು ಅಭ್ಯಾಸಬಲದಿಂದ ಮುಚ್ಚಿಬಿಡುತ್ತದೆ.

ಹಾಗೆಂದು ಕಾಗದವೇ ಲೇಸೆಂದಲ್ಲ. ನಮ್ಮ ರೋಗಿಗಳು ಹಳೆಯ ವರದಿ, ಎಕ್ಸ್‌ರೇಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುರುಕಿಕೊಂಡು ಊರೂರು ಅಲೆಯುತ್ತಾರೆ, ಬೇಕಾದ ಹಾಳೆಯೊಂದು ಮನೆಯಲ್ಲೇ ಉಳಿದಿರುತ್ತದೆ. 2021ರಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಆಭಾ ಎಂಬ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ ಈ ಕವರಿಗೆ ಬದಲಿಯಾಗಬೇಕೆಂಬುದೇ ಆಶಯ. ಆದರೆ ಸಂಖ್ಯೆ ಕೊಟ್ಟ ಮಾತ್ರಕ್ಕೆ ದಾಖಲೆ ತುಂಬುವುದಿಲ್ಲ. ತುಂಬುವ ಕೈಗೆ ಅದರಿಂದ ಅಂದೇ ಏನಾದರೂ ಸಿಗಬೇಕು: ಮಂಚದ ಪಕ್ಕದಲ್ಲೇ ಒಂದು ಟ್ಯಾಬ್ಲೆಟ್, ಒಮ್ಮೆ ಬರೆದದ್ದನ್ನು ಮತ್ತೆ ಕೇಳದ ಪರದೆ, ಮೂತ್ರಪಿಂಡದ ರೋಗಿ ಎದುರು ಕುಳಿತಾಗ ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಅಂಶ ಕಳೆದ ವರ್ಷದಿಂದ ಏರಿದ ಬಗೆಯನ್ನು ಒಂದೇ ಗೆರೆಯಲ್ಲಿ ತೋರಿಸುವ ನಕ್ಷೆ.