ಲೇಹ್‌ನ ಮಧ್ಯಾಹ್ನ ಅಪಾಚೆ ಎಷ್ಟು ಹೊರುತ್ತದೆ?

ಅಪಾಚೆ ದಾಳಿ ಹೆಲಿಕಾಪ್ಟರ್ ಬಗ್ಗೆ ಬರುವ ಸುದ್ದಿಗಳಲ್ಲೆಲ್ಲ ಒಂದೇ ಪಟ್ಟಿ: ಟ್ಯಾಂಕ್ ಒಡೆಯುವ 16 ಹೆಲ್‌ಫೈರ್ ಕ್ಷಿಪಣಿ, 76 ರಾಕೆಟ್, 30 ಮಿ.ಮೀ. ಫಿರಂಗಿಗೆ 1,200 ಗುಂಡು. ಇವೆಲ್ಲ ಒಟ್ಟಿಗೆ ಹಾರುತ್ತವೆ ಅಂದುಕೊಂಡರೆ ತಪ್ಪು. ಪುಟ್ಟ ರೆಕ್ಕೆಗಳ ಕೆಳಗೆ ಆಯುಧ ನೇತುಹಾಕಲು ಇರುವುದು ನಾಲ್ಕೇ ಜಾಗ. ಒಂದೊಂದರಲ್ಲಿ ನಾಲ್ಕು ಹೆಲ್‌ಫೈರ್, ಇಲ್ಲವೇ 19 ರಾಕೆಟ್‌ಗಳ ಒಂದು ಪಾಡ್, ಅಂದರೆ ಕೊಳವೆಗಳ ಗೊಂಚಲು. ಹದಿನಾರು ಕ್ಷಿಪಣಿ ಬೇಕೆಂದರೆ ರಾಕೆಟ್ ಸೊನ್ನೆ, ಎಪ್ಪತ್ತಾರು ರಾಕೆಟ್ ಬೇಕೆಂದರೆ ಕ್ಷಿಪಣಿ ಸೊನ್ನೆ. ಅದೂ ಬಯಲುಸೀಮೆಯ ಲೆಕ್ಕ.

ಕಿಲೋಗಳಲ್ಲಿ ನೋಡೋಣ. ಅಪಾಚೆಯ ಗರಿಷ್ಠ ಟೇಕಾಫ್ ತೂಕ ಸುಮಾರು 10,400 ಕಿಲೋ. ಒಂದು ಹೆಲ್‌ಫೈರ್ 49 ಕಿಲೋ ಆಸುಪಾಸು. ಹದಿನಾರಕ್ಕೆ 780 ಕಿಲೋ, ಅವನ್ನು ಹಿಡಿದಿಡುವ ಲಾಂಚರುಗಳ ತೂಕ ಬೇರೆ. 1,200 ಗುಂಡಿಗೆ ಸುಮಾರು 400 ಕಿಲೋ. ಒಳಟ್ಯಾಂಕಿನ 1,400 ಲೀಟರ್ ಇಂಧನ 1,100 ಕಿಲೋ ದಾಟುತ್ತದೆ, ಗಂಟೆಗೆ 400 ಕಿಲೋ ಸುಮಾರಿಗೆ ಉರಿಯುತ್ತದೆ. ಚಳಿಗಾಲದ ಬೆಳಿಗ್ಗೆ ಪಠಾಣ್‌ಕೋಟ್‌ನಿಂದ ಎದ್ದರೆ ಈ ಹೊರೆ ದೊಡ್ಡದಲ್ಲ.

ಲೇಹ್‌ನ ರನ್‌ವೇ ಇರುವುದು 3,256 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು. ಬೇಸಿಗೆಯ ಮಧ್ಯಾಹ್ನ ಉಷ್ಣಾಂಶ 25 ಡಿಗ್ರಿಗೆ ಏರಿದರೆ ಗಾಳಿಯ ಸಾಂದ್ರತೆ ಶೇ 65ಕ್ಕೆ ಇಳಿಯುತ್ತದೆ. ಅಂದರೆ ಹೆಲಿಕಾಪ್ಟರಿನ ಪಾಲಿಗೆ ಅದು 3,256 ಅಲ್ಲ, 4,300 ಮೀಟರ್ ಎತ್ತರ. ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ: ಬ್ಲೇಡುಗಳಿಗೆ ತಳ್ಳಲು ಗಾಳಿ ಸಾಲದು, ಎಂಜಿನ್ನಿಗೆ ಉಸಿರಾಡಲು ಗಾಳಿ ಸಾಲದು. ಸಮುದ್ರಮಟ್ಟದಲ್ಲಿ ಒಂದೊಂದು ಟಿ700-701ಡಿ ಎಂಜಿನ್ ಸುಮಾರು 2,000 ಅಶ್ವಶಕ್ತಿ ಕೊಡುತ್ತದೆ. ಕೆಳಗಡೆ ಪೈಲಟ್ ನೋಡಬೇಕಾದದ್ದು ಟಾರ್ಕ್ ಮಿತಿ, ಅಂದರೆ ಗೇರ್‌ಬಾಕ್ಸ್ ಎಷ್ಟು ತಾಳುತ್ತದೆ ಎಂಬುದು. ಮೇಲೆ ಟಾರ್ಕ್ ಇನ್ನೂ ಬಾಕಿ ಇರುವಾಗಲೇ ಟರ್ಬೈನಿನ ಉಷ್ಣಾಂಶ ಮಿತಿ ಮುಟ್ಟುತ್ತದೆ. ಅದನ್ನು ಮೀರಿ ಕಲೆಕ್ಟಿವ್, ಅಂದರೆ ಬ್ಲೇಡುಗಳ ಕೋನ ಹೆಚ್ಚಿಸಿ ಮೇಲೆತ್ತುವ ಸನ್ನೆ, ಎಳೆದರೆ ಶಕ್ತಿ ಬರುವುದಿಲ್ಲ, ರೋಟರಿನ ವೇಗ ಕುಸಿಯುತ್ತದೆ. ಅದಕ್ಕೇ ಗೇರುಗಳಿಂದ ಕಟ್ಟಿಕೊಂಡ ಬಾಲದ ರೋಟರ್ ಕೂಡ ನಿಧಾನವಾಗಿ, ಮೂತಿ ಬಲಕ್ಕೆ ತಿರುಗಲು ತೊಡಗುತ್ತದೆ. ಮದ್ದು ಎಂದರೆ ಕಲೆಕ್ಟಿವ್ ಇಳಿಸಿ ಮುಂದಕ್ಕೆ ವೇಗ ಪಡೆಯುವುದು. ಕಣಿವೆಯಲ್ಲಿ ಅದಕ್ಕೆ ಜಾಗ ಬೇಕಲ್ಲ.

ಹೋವರ್, ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲುವ ವಿಷಯದಲ್ಲಿ ಇನ್ನೊಂದು ಮೋಸವಿದೆ. ನೆಲದಿಂದ ಸುಮಾರು ಒಂದು ರೋಟರ್ ವ್ಯಾಸದೊಳಗೆ, ಅಪಾಚೆಗೆ 14.6 ಮೀಟರ್, ನೆಲವೇ ಗಾಳಿಯ ಹರಿವನ್ನು ತಡೆದು ಆಧಾರ ಕೊಡುತ್ತದೆ. ರನ್‌ವೇ ಮೇಲೆ ಆರಾಮವಾಗಿ ತೇಲಿದ ಹೆಲಿಕಾಪ್ಟರ್ ಗುಡ್ಡದ ಏಣಿನ ಹಿಂದೆ ಅವಿತು ನಿಲ್ಲಲು ಹೋದಾಗ ಈ ಆಧಾರ ಇರುವುದಿಲ್ಲ. ಇಳಿಜಾರಿನಲ್ಲಿ ಗಾಳಿ ಒಂದು ಬದಿಗೆ ಜಾರಿಹೋಗುತ್ತದೆ. ಹಾಗಾಗಿ ಲೋಡ್ ನಿರ್ಧರಿಸಬೇಕಾದದ್ದು ನೆಲದ ಆಧಾರವಿಲ್ಲದ ಹೋವರ್‌ ಲೆಕ್ಕದಿಂದ, ಅದೂ ಗುರಿಯ ಜಾಗದ ಎತ್ತರ ಮತ್ತು ಉಷ್ಣಾಂಶ ಹಿಡಿದು. ಹೊರಡುವ ನೆಲೆಯ ಲೆಕ್ಕ ಹಿಡಿದರೆ ಕೆಟ್ಟಿತು. 2024ರ ಏಪ್ರಿಲ್‌ನಲ್ಲಿ ಲಡಾಖ್‌ನಲ್ಲಿ ಮುನ್ನೆಚ್ಚರಿಕೆಯಾಗಿ ಇಳಿದ ವಾಯುಪಡೆಯ ಅಪಾಚೆಗೆ ಹಾನಿಯಾಯಿತು. ಇಬ್ಬರು ಪೈಲಟ್‌ಗಳೂ ಪಾರಾದರು. ವಾಯುಪಡೆ ಕೊಟ್ಟ ಕಾರಣ, ಏರುಪೇರಿನ ನೆಲ ಮತ್ತು ಎತ್ತರ.

ಹಾಗಾದರೆ ಏನನ್ನು ಇಳಿಸಬೇಕು? ಮರಳಿ ಬರುವ ಇಂಧನವನ್ನು ಮುಟ್ಟುವಂತಿಲ್ಲ. ನನ್ನ ಮಟ್ಟಿಗೆ ಮೊದಲು ಹೋಗಬೇಕಾದದ್ದು ಗುಂಡಿನ ಅರ್ಧ ಪೆಟ್ಟಿಗೆ, ಆಮೇಲೆ ಹೊರಬದಿಯ ಎರಡು ಲಾಂಚರ್. ಎಂಟು ಕ್ಷಿಪಣಿ ಹೊತ್ತು ಮುಂಜಾನೆ ಹಾರುವ ಅಪಾಚೆ, ಹದಿನಾರು ಹೊತ್ತು ಮಧ್ಯಾಹ್ನ ಪರದಾಡುವ ಅಪಾಚೆಗಿಂತ ಮೇಲು.

ಖರೀದಿಯ ಪಟ್ಟಿಯನ್ನೂ ಹೀಗೇ ಓದಬೇಕು. ಭಾರತ 22 ಅಪಾಚೆಗಳಿಗೆ ಸಹಿ ಹಾಕಿದ್ದು 2015ರ ಸೆಪ್ಟೆಂಬರ್‌ನಲ್ಲಿ. ಹೆಲಿಕಾಪ್ಟರಿಗೆ ಬೋಯಿಂಗ್ ಜೊತೆ ನೇರ ಒಪ್ಪಂದ, ಕ್ಷಿಪಣಿ, ರೇಡಾರ್‌ಗಳಿಗೆ ಅಮೆರಿಕ ಸರ್ಕಾರದ ಜೊತೆ ಬೇರೆ ಒಪ್ಪಂದ. ಅದಕ್ಕೂ ಮುಂಚೆ, 2010ರ ಡಿಸೆಂಬರ್‌ನಲ್ಲಿ, ಅಮೆರಿಕ ತನ್ನ ಸಂಸತ್ತಿಗೆ ತಿಳಿಸಿದ್ದ ಪಟ್ಟಿ ಅಂತಿಮ ಒಪ್ಪಂದವಲ್ಲ, ಗರಿಷ್ಠ ಮಿತಿ ಅಷ್ಟೇ. ಆದರೂ ಅದರಲ್ಲಿ ಕಲಿಯುವುದು ಬಹಳ. ಎಂಜಿನ್ 50: ಕೂರಿಸಿದ್ದು 44, ಬಿಡಿಯಾಗಿ ಆರು. ಗುರಿ ಹಿಡಿಯುವ ಮೂತಿಯ ಸೆನ್ಸರ್ 23, ಅಂದರೆ ಬಿಡಿ ಒಂದೇ ಒಂದು. ಎರಡು ಸೆನ್ಸರ್ ಒಟ್ಟಿಗೆ ರಿಪೇರಿಗೆ ಹೋದರೆ ಒಂದು ಹೆಲಿಕಾಪ್ಟರ್ ಹಾರಬಲ್ಲದು, ಹೋರಾಡಲಾರದು.

ಲಾಂಗ್‌ಬೋ ರೇಡಾರ್ 12 ಮಾತ್ರ. ಇದು ಜಿಪುಣತನವಲ್ಲ. ರೋಟರಿನ ಮೇಲೆ ಕೂರುವ ಆ ಗುಂಡಗಿನ ಡಬ್ಬಿ ತೂಕವೂ ಹೌದು, ಗಾಳಿಗೆ ಅಡ್ಡಿಯೂ ಹೌದು. ರೇಡಾರ್ ಇರುವ ಒಂದು ಹೆಲಿಕಾಪ್ಟರ್ ಇಣುಕಿ ನೋಡಿ, ಗುರಿಗಳನ್ನು ಡೇಟಾ ಲಿಂಕ್‌ನಲ್ಲಿ ಉಳಿದವುಗಳಿಗೆ ಹಂಚಿದರೆ ಸಾಕು. ಕ್ಷಿಪಣಿಗಳೂ ಎರಡು ಬಗೆ. 812 ಎಲ್ ಮಾದರಿಯವು ರೇಡಾರಿನಿಂದ ತಾವೇ ಗುರಿ ಹುಡುಕುತ್ತವೆ. ಬಿಟ್ಟ ಮೇಲೆ ಪೈಲಟ್ ಏಣಿನ ಹಿಂದೆ ಮುಳುಗಬಹುದು. 542 ಆರ್ ಮಾದರಿಯವಕ್ಕೆ ಕ್ಷಿಪಣಿ ತಾಗುವವರೆಗೆ ಯಾರಾದರೂ ಲೇಸರ್ ಹಿಡಿದಿರಲೇಬೇಕು. ಎಂಟು ಕಿಲೋಮೀಟರ್ ದೂರಕ್ಕೆ ಅದು ಅರ್ಧ ನಿಮಿಷಕ್ಕೂ ಹೆಚ್ಚು, ಮತ್ತು ಮಧ್ಯೆ ಧೂಳು ಎದ್ದರೆ ಲೇಸರ್ ಚುಕ್ಕೆ ಧೂಳಿನ ಮೇಲೇ ಕೂರುತ್ತದೆ.

ವಾಯುಪಡೆಯ ಮೊದಲ ಎಂಟು 2019ರ ಸೆಪ್ಟೆಂಬರ್ 3ರಂದು ಪಠಾಣ್‌ಕೋಟ್‌ನ 125ನೇ ಸ್ಕ್ವಾಡ್ರನ್ ಸೇರಿದವು. ಎರಡನೇ ನೆಲೆ ಅಸ್ಸಾಮಿನ ಜೋರ್ಹಾಟ್. ಭೂಸೇನೆಗೆಂದು 2020ರಲ್ಲಿ ಕೊಂಡ ಆರರ ಕಥೆ ಬೇರೆ. ಜೋಧಪುರದ 451ನೇ ಸ್ಕ್ವಾಡ್ರನ್ 2024ರ ಮಾರ್ಚ್‌ನಲ್ಲೇ ಸಿದ್ಧವಾಗಿ, ಹೆಲಿಕಾಪ್ಟರಿಲ್ಲದೆ ವರ್ಷಕ್ಕೂ ಹೆಚ್ಚು ಕಾಯಿತು. ಮೊದಲ ಮೂರು ದೆಹಲಿ ಬಳಿಯ ಹಿಂಡನ್ ವಾಯುನೆಲೆಗೆ ಬಂದಿದ್ದು 2025ರ ಜುಲೈ 22ಕ್ಕೆ. ಅಪಾಚೆಯ ಒಡಲು ಹೈದರಾಬಾದಿನ ಟಾಟಾ ಬೋಯಿಂಗ್ ಕಾರ್ಖಾನೆಯಲ್ಲೇ ತಯಾರಾಗುತ್ತದೆ ಎಂಬುದನ್ನು ನೆನೆದರೆ ನಗು ಬರುತ್ತದೆ: ಒಡಲು ಇಲ್ಲಿಂದ ಅರಿಜೋನಾಗೆ ಹೋಗಿ, ಪೂರ್ತಿಯಾಗಿ ವಾಪಸು ಬರಬೇಕು.

ಆರು ಎಂಬುದು ನನಗೆ ಒಪ್ಪಿಗೆಯಾಗದ ಸಂಖ್ಯೆ. ಒಂದು ಹಾರಾಟದ ಗಂಟೆಗಳ ಲೆಕ್ಕದ ತಪಾಸಣೆಯಲ್ಲಿ, ಇನ್ನೊಂದು ಬಿಡಿಭಾಗಕ್ಕೆ ಕಾಯುತ್ತ, ಮತ್ತೊಂದು ತರಬೇತಿಯಲ್ಲಿ ಇದ್ದರೆ ಕೈಗೆ ಸಿಗುವುದು ಮೂರು. ಯಾವುದೋ ಸಣ್ಣ ಭಾಗಕ್ಕೆ ಎಲ್ಲವೂ ನಿಲ್ಲಬಹುದು. 2018ರಲ್ಲಿ ರೋಟರ್ ಬ್ಲೇಡುಗಳನ್ನು ಹಿಡಿದಿಡುವ ಒಂದು ನಟ್ ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತಿದೆ ಎಂದು ಅಮೆರಿಕದ ಸೇನೆ ಹೊಸ ಅಪಾಚೆಗಳನ್ನು ತೆಗೆದುಕೊಳ್ಳುವುದನ್ನೇ ತಿಂಗಳುಗಟ್ಟಲೆ ನಿಲ್ಲಿಸಿತ್ತು. ಜೋಧಪುರದಲ್ಲಿ ಶತ್ರು ಉಪ್ಪಲ್ಲ, ಮರಳು. ಟಿ700 ಎಂಜಿನ್ನಿನ ಬಾಯಲ್ಲೇ ಗಾಳಿಯನ್ನು ಸುತ್ತಿಸಿ ಮರಳನ್ನು ಹೊರಗೆಸೆಯುವ ವ್ಯವಸ್ಥೆ ಇದೆ, ಆದರೆ ಬ್ಲೇಡಿನ ಮುಂದಂಚಿಗೆ ಅಂಥ ರಕ್ಷಣೆ ಇಲ್ಲ. ಅದು ಸವೆಯುವುದನ್ನು ದಿನವೂ ಬೆರಳಾಡಿಸಿ ನೋಡಬೇಕು.

ಎತ್ತರದ ಕೆಲಸಕ್ಕೆ ನಮ್ಮದೇ ಪ್ರಚಂಡ ಇದೆ. 1999ರ ಕಾರ್ಗಿಲ್‌ನಲ್ಲಿ ರಾಕೆಟ್ ಕಟ್ಟಿದ ಎಂಐ-17 ಸಾಗಣೆ ಹೆಲಿಕಾಪ್ಟರ್ ಕಳೆದುಕೊಂಡ ಮೇಲೆ ಹುಟ್ಟಿದ ಅಗತ್ಯ ಅದು. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ 5.8 ಟನ್ನಿನ ಈ ಹೆಲಿಕಾಪ್ಟರ್ ಸಿಯಾಚಿನ್‌ನಲ್ಲಿ 4,700 ಮೀಟರ್ ಎತ್ತರದಲ್ಲಿ ಇಳಿದು ತೋರಿಸಿದೆ. 2025ರ ಮಾರ್ಚ್‌ನಲ್ಲಿ 156ಕ್ಕೆ ಆದೇಶ ಬಿದ್ದಿದೆ. ವಾಯುಪಡೆಗೆ 66, ಭೂಸೇನೆಗೆ 90. ಬೆಂಗಳೂರು ಮತ್ತು ತುಮಕೂರಿನಲ್ಲಿ ತಯಾರಾಗುತ್ತವೆ. ಆದರೆ 2022ರಲ್ಲಿ ಸೇವೆಗೆ ಸೇರಿದಾಗ ಅದರಲ್ಲಿದ್ದದ್ದು 20 ಮಿ.ಮೀ. ಗನ್, 70 ಮಿ.ಮೀ. ರಾಕೆಟ್, ಗಾಳಿಯಲ್ಲಿ ಹಾರುವ ಗುರಿಗೆ ಮಿಸ್ಟ್ರಾಲ್ ಕ್ಷಿಪಣಿ. ಟ್ಯಾಂಕ್ ಒಡೆಯುವ ಕ್ಷಿಪಣಿ ಇರಲಿಲ್ಲ. ಅದು ರೆಕ್ಕೆಗೆ ಬರುವವರೆಗೆ ಲಡಾಖ್‌ನ ಟ್ಯಾಂಕ್ ಗುರಿಗೆ ಎಂಟು ಹೆಲ್‌ಫೈರ್ ಹೊತ್ತು ಮುಂಜಾನೆಯೇ ಏಳಬೇಕಾದದ್ದು ಅಪಾಚೆ.